ಮನೆಗಾವಲಿಗೆ ಮೊದಲ ಕೈ

ಪಡಸಾಲೆಯ ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದೆ. ಅದರ ಹಿಂದಿದ್ದ ಜೇಡರ ಬಲೆಯನ್ನು ಕಸಬರಿಗೆಯ ತುದಿಗೆ ಸುತ್ತಿಕೊಂಡೆ. ಮೊಳೆಯ ಸುತ್ತಲಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಸುಣ್ಣ ಉದುರಿತು, ಅದನ್ನೂ ಗುಡಿಸಿದೆ. ಆಮೇಲೆ ತಾಟಿನಲ್ಲಿ ಅರಿಷಿಣ, ಕುಂಕುಮ, ವಿಭೂತಿ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟೆ. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ವಸ್ತು ಬರುವ ದಿನ ಈ ಮನೆಗೆ ಏನೇನು ಬೇಕೆಂದು ನನಗೆ ಗೊತ್ತು. ಫ್ರಿಜ್ಜಿಗೂ ಇದನ್ನೇ ಮಾಡಿದ್ದೆ, ನೀರೆತ್ತುವ ಮೋಟಾರಿಗೂ. ಯಂತ್ರದ ಜೊತೆ ಬರುವ ಪುಸ್ತಕವನ್ನು ಓದುವವರು ನಮ್ಮಲ್ಲಿ ಇಲ್ಲ. ಯಂತ್ರಕ್ಕೆ ಕುಂಕುಮ ಹಚ್ಚುವವರು ಇದ್ದಾರೆ.

ಈ ಸಲ ಬಂದದ್ದು ಮನೆಗಾವಲು ಎಂಬ ಪೆಟ್ಟಿಗೆ. ಊಟದ ತಾಟಿನಷ್ಟು ಅಗಲ, ಬಿಳಿ ಬಣ್ಣ, ನಡುವೆ ಅಂಗೈ ಇಡಲು ಕರಿ ಗಾಜು. ಸಿಮ್ ಕಾರ್ಡುಗಳು ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಇಂಟರ್‌ನೆಟ್ ಊರಿನ ಗಾಳಿಯಲ್ಲೆಲ್ಲ ಇತ್ತು, ಆದರೆ ಯಾರ ಫೋನು ಎಲ್ಲಿದ್ದರೂ ಅದು ತನ್ನ ಮನೆಯ ಪೆಟ್ಟಿಗೆಯನ್ನು ಕೇಳಿಯೇ ತೆರೆದುಕೊಳ್ಳುತ್ತಿತ್ತು. ಮಕ್ಕಳಿರುವ ಮನೆಯ ಪೆಟ್ಟಿಗೆಗೆ ಒಬ್ಬ ಪಾಲಕ ಇರಲೇಬೇಕೆಂದು ಕಾಯ್ದೆಯೂ ಆಗಿತ್ತು. ಪಾಲಕ ಬಿಟ್ಟದ್ದು ತೆರೆಯುತ್ತದೆ, ತಡೆದದ್ದು ಮುಚ್ಚುತ್ತದೆ. ನಮ್ಮ ಹಳೆಯ ಪೆಟ್ಟಿಗೆ ಕಾಯ್ದೆಗಿಂತ ಮೊದಲಿನದು, ಎಲ್ಲವನ್ನೂ ಬಿಡುತ್ತಿತ್ತು.

“ಮಗಳ ಓದಿನ ಸಲುವಾಗಿ ತಂದೀನಿ,” ಎಂದು ನಮ್ಮ ಚನ್ನವೀರಪ್ಪ ಕಾಕಾ ಓಣಿಯ ತುಂಬ ಹೇಳಿಕೊಂಡು ಬಂದಿದ್ದರು. ಬೆಟಗೇರಿಯಲ್ಲಿ ಅವರ ಸೀರೆ ಅಂಗಡಿ ದೊಡ್ಡದು. ಅವರು ಹೇಳಿದ್ದನ್ನು ಓಣಿ ನಂಬುತ್ತದೆ, ಅಥವಾ ನಂಬಿದಂತೆ ತಲೆ ಆಡಿಸುತ್ತದೆ. ಮಗಳು ತನುಜಾ ಎಂಟನೇ ಇಯತ್ತೆ. ಓದುವ ಹೊತ್ತಿನಲ್ಲಿ ಓದುತ್ತಾಳೆ. ಫೋನಿನಲ್ಲಿ ಅವಳು ಮಾಡುವುದು ಒಂದೇ ಕೆಲಸ: ಸಂಜೆ ಅವ್ವನ ಜೊತೆ ಮಾತಾಡುವುದು. ಅವಳ ಅವ್ವ, ಅಂದರೆ ನನ್ನ ಚಿಗವ್ವ, ಹಿಂದಿನ ವರ್ಷ ಒಂದು ಚೀಲ ಹಿಡಿದು ಈ ಮನೆಯಿಂದ ಹೊರಟು, ವಿಜಯಪುರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಕೇಳಿದವರಿಗೆ ಕಾಕಾ “ತವರಮನಿಗೆ ಹೋಗ್ಯಾಳ” ಎನ್ನುತ್ತಿದ್ದರು. ಮಗಳ ಫೋನು ಕಸಿದುಕೊಂಡೂ ನೋಡಿದ್ದರು. ಶಾಲೆಯ ಪಾಠವೂ ಅದರಲ್ಲೇ ಬರುತ್ತಿದ್ದರಿಂದ ತಿರುಗಿ ಕೊಡಬೇಕಾಗಿತ್ತು. ತಾಯಿಯ ದನಿಯನ್ನು ಮಾತ್ರ ಸೋಸಿ ತೆಗೆಯುವ ಯಂತ್ರ ಬೇಕಾಗಿತ್ತು ಅವರಿಗೆ. ಅದಕ್ಕೆ ಓದು ಎಂದು ಹೆಸರಿಟ್ಟರು.

ಪೆಟ್ಟಿಗೆ ಕೂರಿಸಲು ಕಂಪನಿಯಿಂದ ಬಂದವನು ಮುಧೋಳಕರ. ಕಂಠಪಾಠ ಒಪ್ಪಿಸುವ ಹುಡುಗನಂತೆ ಗೋಡೆ ನೋಡಿಕೊಂಡು ಹೇಳಿದ.

“ಇದಕ್ಕ ಪಾಸ್‌ವರ್ಡ್ ಇಲ್ರಿ. ಪಾಸ್‌ವರ್ಡ್ ಮಕ್ಳು ಕದೀತಾರ. ಇದು ಮನಿ ತುಂಬ ಅಲೆ ಬಿಡತೈತ್ರಿ. ಮನಷ್ಯಾ ಓಡಾಡಿದ್ರ, ಉಸಿರಾಡಿದ್ರ ಅಲೆ ಅಲುಗತಾವು. ಅದರ ಮ್ಯಾಲ ಯಾರು ಅದಾರ, ಅವರ ಎದಿ ಹೆಂಗ ಬಡಕೊಳ್ಳಾಕತ್ತೈತಿ, ಎಲ್ಲಾ ತಿಳೀತೈತಿ. ಯಜಮಾನ್ರು ಮೊದಲ ಕೈ ಇಡ್ಬೇಕ್ರಿ. ಮೊದಲ ಕೈ ಯಾರದೋ ಅವರ ಪಾಲಕರು. ಒಳಗ ಒಂದು ತಂತಿ ಸುಟ್ಟು ಹೋಗತೈತ್ರಿ, ಆಮ್ಯಾಲ ಅಳಸಾಕ ಬರಂಗಿಲ್ಲ.”

“ಹೇಳೋದು ಮುಗೀತಿಲ್ಲೋ?” ಎಂದರು ಕಾಕಾ, ಗಡಿಯಾರ ನೋಡುತ್ತ. “ರಾಹುಕಾಲ ಬಂತು. ದಾನವ್ವಾ, ಬಾ ಇಲ್ಲೆ. ಕೈ ಇಡು.”

“ಸಾವಕಾರ್ರ, ಹಂಗಲ್ರಿ. ಮೊದಲ ಕೈ ನಿಮ್ದು…”

“ಏ, ನೀ ಚಾ ಕುಡಿಯೋ ಮಾರಾಯ. ಮೊದಲ ಕೈ ಆಕೀದು, ಆಮ್ಯಾಲ ನಂದು. ನಿಮ್ಮ ಕಂಪನಿ ಹುಟ್ಟೂಕಿಂತ ಮೊದಲ ನಮ್ಮ ಅಂಗಡಿ ಐತಿ.”

ಮುಧೋಳಕರ ಚಾ ಕುಡಿದ. ಅವನ ವಿರೋಧ ಬಶಿಯಲ್ಲಿ ಆರಿಹೋಯಿತು.

ಮೊದಲ ಕೈ ನನ್ನದೇಕೆಂದರೆ, ನನ್ನ ಕೈಗೆ ಗುಣವಿದೆಯಂತೆ. ಅಪ್ಪ ಅವ್ವ ಹೋದ ಮೇಲೆ ನಾನು ಕಾಕಾನ ಮನೆಯಲ್ಲಿ ಬೆಳೆದವಳು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ಬೆಳಗ್ಗೆ ಕಾಕಾನಿಗೆ ಜ್ವರ ಬಂದು ಅಂಗಡಿಯ ಬೀಗವನ್ನು ನಾನು ತೆಗೆದೆ. ಅಂದು ಯಾವುದೋ ಊರಿನ ಮದುವೆಯವರು ಬಂದು ಕಪಾಟುಗಳನ್ನೇ ಖಾಲಿ ಮಾಡಿದರು. ಮರುದಿನದಿಂದ ಬೀಗ ನನ್ನ ಪಾಲಿಗೆ ಬಂತು. ಅಂಗಡಿ ತೆರೆಯುವ ಹೊತ್ತೂ ಶಾಲೆಯ ಪ್ರಾರ್ಥನೆಯ ಹೊತ್ತೂ ಒಂದೇ. ನಾನೇಕೆ ಶಾಲೆಗೆ ಬರುತ್ತಿಲ್ಲವೆಂದು ಕೇಳಲು ಟೀಚರ್ ಮನೆಗೆ ಬಂದರು. “ಓದಿದವರು ಓಣಿಗೊಬ್ರು ಅದಾರ್ರಿ. ಕೈಗುಣ ಇರಾವ್ರು ಎಲ್ಲಿ ಸಿಗತಾರ?” ಎಂದರು ಕಾಕಾ. ಟೀಚರ್ ಅಂಗಡಿಯಿಂದ ಕಡಿಮೆ ಬೆಲೆಗೆ ಒಂದು ಸೀರೆ ತೆಗೆದುಕೊಂಡು ಹೋದರು. ಮತ್ತೆ ಬರಲಿಲ್ಲ. ಅಂದಿನಿಂದ ಹೊಸ ಗಾಡಿಯ ಕೀಲಿ, ಹೊಸ ಒಲೆಯ ಬೆಂಕಿ, ಎಲ್ಲಕ್ಕೂ ಮೊದಲ ಕೈ ನನ್ನದು. ಕಾಕಾ ಸಿಟ್ಟಿಗೆದ್ದು ಹೊಡೆಯುವಾಗಲೂ ಕೈಗೆ ಹೊಡೆಯುತ್ತಿರಲಿಲ್ಲ. ಬೆನ್ನಿಗೆ ಹೊಡೆಯುತ್ತಿದ್ದರು.

ಗಾಜಿನ ಮೇಲೆ ಅಂಗೈ ಇಟ್ಟೆ. ಒಳಗೆ ಚಿಟ್ ಎಂದಿತು. ಸುಟ್ಟ ವಾಸನೆ ಬಂತೋ ಇಲ್ಲವೋ ಎಂಬಂತೆ ಬಂದು ಹೋಯಿತು.

“ಸ್ವಾಗತ, ಪಾಲಕರೇ,” ಎಂದಿತು ಪೆಟ್ಟಿಗೆ, ಸುದ್ದಿ ಓದುವ ಹೆಂಗಸಿನ ದನಿಯಲ್ಲಿ.

ಕಾಕಾ ನನ್ನನ್ನು ಬದಿಗೆ ಸರಿಸಿ, ಉಂಗುರಗಳ ಕೈಯನ್ನು ಗಾಜಿಗೆ ಒತ್ತಿದರು.

“ನಮಸ್ಕಾರ, ಪುಟ್ಟಾ. ನಿನ್ನ ಹೆಸರೇನು?”

ಆಯಿ, ಅಂದರೆ ಕಾಕಾನ ತಾಯಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕಾಕಾ ತಿರುಗಿ ನೋಡಿದಾಗ ಬಾಯಿಗೆ ಸೆರಗು ಹಿಡಿದಳು. ತನುಜಾ ನಗಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

“ಆತು ಬಿಡ್ರಿ, ಪಾಲಕಿ ತನ್ನ ಮನಸಿನಿಂದ ಬಿಟ್ಟುಕೊಟ್ರ ನಿಮಗ ಬರತೈತಿ,” ಎಂದ ಮುಧೋಳಕರ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. “ಆದ್ರ ಆಕಿ ಎದಿ ಸಮಾಧಾನ ಇರಬೇಕು. ಮೊದಲಿನ ಪೆಟಿಗಿಗೆ ಮಕ್ಳು ಅಜ್ಜಿ ಕೈ ಹಿಡದು ಒತ್ತಸ್ತಿದ್ರು. ಅದಕ್ಕ ಹೆದರಿದ ಕೈಯಿಂದ ಇದು ಏನೂ ತಗೊಳ್ಳಂಗಿಲ್ಲ.”

“ಇಷ್ಟ ಅಲ್ಲೇನು? ದಾನವ್ವಾ, ಇಡು ಮತ್ತ.”

ಇಟ್ಟೆ. ಕಾಕಾ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಉಸಿರು ಕುತ್ತಿಗೆಗೆ ತಾಗುತ್ತಿತ್ತು.

“ಪಾಲಕರು ಭಯದಲ್ಲಿದ್ದಾರೆ,” ಎಂದಿತು ಪೆಟ್ಟಿಗೆ. “ಹಸ್ತಾಂತರ ಈಗ ಸಾಧ್ಯವಿಲ್ಲ.”

ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಆಡದ ಮಾತನ್ನು ಒಂದು ಪೆಟ್ಟಿಗೆ ಗಟ್ಟಿಯಾಗಿ ಆಡಿಬಿಟ್ಟಿತು. ಆಯಿ ಸೆರಗು ಇಳಿಸಿದಳು.

“ಯಾರಿಗೆ ಅಂಜತಾಳಂತ?” ಎಂದು ಕೇಳಿದಳು.

“ಅಂಜೂದು ಯಾಕ? ನಾ ಏನ್ ಹುಲಿ ಅದೀನೇನು?” ಎಂದು ಕಾಕಾ ಒದರಿದರು. “ಅಂಜಬ್ಯಾಡ ಅಂದ್ರ ಅಂಜಬ್ಯಾಡ! ಇಡು ಕೈ!”

“ಪಾಲಕರು ಭಯದಲ್ಲಿದ್ದಾರೆ.”

ಮುಧೋಳಕರ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ.

ಅಂದಿನಿಂದ ನನ್ನನ್ನು ಬಿಟ್ಟು ಮನೆಯವರೆಲ್ಲ ಮಕ್ಕಳಾದರು. ಹೆದರಿದ ಕೈಯೆಂದು ಪೆಟ್ಟಿಗೆ ನನ್ನಿಂದ ಯಾವ ಅಪ್ಪಣೆಯನ್ನೂ ತೆಗೆದುಕೊಳ್ಳಲಿಲ್ಲ. ಕಂಪನಿ ಮೊದಲೇ ಹಾಕಿ ಕಳಿಸಿದ್ದ ನಿಯಮಗಳನ್ನು ಎಲ್ಲರಿಗೂ ಸಮನಾಗಿ ಹಚ್ಚಿತು. ಆಯಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಹೊಡೆಯಲು ಕೈ ಎತ್ತಿದೊಡನೆ ಪರದೆ ನೀಲಿಯಾಗಿ, ಒಂದು ಬಾತುಕೋಳಿ ಬಂದು ಈಜತೊಡಗುತ್ತಿತ್ತು. ಕಾಕಾನ ಫೋನಿಗೆ ಸೂರತ್ತಿನಿಂದ ಬರುವ ಸೀರೆಗಳ ಚಿತ್ರಗಳಲ್ಲಿ ಮಾಡೆಲ್‌ಗಳ ಹೊಟ್ಟೆಯ ಮೇಲೆ ಬಿಳಿ ಮೋಡ ಕೂತಿತ್ತು. ಊಟದ ಹೊತ್ತಿಗೆ ಟಿವಿ ತಾನೇ ಆರುತ್ತಿತ್ತು. “ಹೋಂವರ್ಕ್ ಮುಗಿಯಿತೇ, ಪುಟ್ಟಾ?” ಎಂದು ಅದು ಕೇಳುವುದು ಕಾಕಾನನ್ನು. ಅಂಗಡಿಯ ಲೈನಿನಲ್ಲಿ ಬಿಲ್ಲು ಬಿಟ್ಟು ಬೇರೇನೂ ತೆರೆಯುವುದಿಲ್ಲವಾದ್ದರಿಂದ ಅಲ್ಲಿಗೂ ಓಡುವಂತಿರಲಿಲ್ಲ. ಓಣಿಯ ಇತರರ ಮನೆಗೆ ಹೋಗಿ ಕ್ರಿಕೆಟ್ ನೋಡಲು ಅವರಿಗೆ ಮಾನ ಅಡ್ಡ ಬಂತು. ಮಾನ ಅವರಿಗೆ ಬಹಳ.

ಒಂದು ಮಾತ್ರ ಮುಚ್ಚಲಿಲ್ಲ. ಸಂಜೆ ತನುಜಾಳ ಫೋನು ರಿಂಗಾಯಿತು, ತೆರೆಯಿತು, ಒಳಕೋಣೆಯಲ್ಲಿ ಚಿಗವ್ವನ ದನಿ ಎಂದಿನಂತೆ ಕೇಳಿತು.

ಕಾಕಾ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ಕಂಪನಿಯ ಕಂಟ್ರೋಲ್ ರೂಮು ಮೇಲಿನ ಮಹಡಿಯಲ್ಲಿತ್ತು. ಒಳಗೆ ಚಳಿ, ಕೆಲಸದವರೆಲ್ಲ ಸ್ವೆಟರ್ ಹಾಕಿಕೊಂಡು, ಹೊರಗೆ ಬಿಸಿಲಿದೆಯೆಂಬುದನ್ನೇ ಮರೆತವರಂತೆ ಕುಳಿತಿದ್ದರು. ಗೋಡೆಯ ತುಂಬ ಪರದೆ, ಪರದೆಯ ತುಂಬ ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ಮನೆ. ನಮ್ಮನ್ನು ಕೂರಿಸಿಕೊಂಡವರು ಹಳ್ಳಿಕೇರಿ ಮೇಡಂ ಎಂಬ ಇಂಜಿನಿಯರ್. ನಮ್ಮ ಮನೆಯ ಚುಕ್ಕೆ ಮುಟ್ಟಿದರು. ಕೆಲವು ಗೆರೆಗಳು ತೆರೆದುಕೊಂಡವು.

“ಈ ಗೆರಿ ಈಕೀದು. ಇಲ್ಲಿ ನೋಡ್ರಿ, ದಿನಾ ಸಂಜಿಗೆ ಏರತೈತಿ. ಇದು ನಿಮ್ಮ ಗೆರಿ, ನೀವು ಬಾಗಿಲ ಹಂತ್ಯಾಕ ಬಂದದ್ದು. ನೀವು ಚಪ್ಪಲಿ ಬಿಟ್ಟ ಕೂಡ್ಲೆ ಆಕೀದು ಏರೂದು.”

ನನ್ನ ಎದೆ ನನಗೆ ಗೊತ್ತಿತ್ತು. ಅದನ್ನು ಗೆರೆಯಾಗಿ ಕಂಡದ್ದು ಅಂದೇ ಮೊದಲು. ಅಡುಗೆಮನೆಯಲ್ಲಿ ನಿಂತು ಬೆನ್ನು ಬಿಗಿಹಿಡಿದುಕೊಳ್ಳುತ್ತಿದ್ದುದೆಲ್ಲ ಇಲ್ಲಿ ಹಸಿರು ಬಣ್ಣದಲ್ಲಿ ದಾಖಲಾಗಿತ್ತು.

“ಅಂದ್ರ ಈಕಿ ಅಂಜಬುರಕಿ ಅಂದಂಗಾತು,” ಎಂದರು ಕಾಕಾ.

“ಭಯ ಅನ್ನೂ ಶಬ್ದ ನಾವು ಬಳಸಂಗಿಲ್ರಿ. ‘ಪಾಲಕ ಸಿದ್ಧತೆ ಕಡಿಮೆ’ ಅಂತೀವಿ. ನಿಮ್ಮ ಪೆಟಿಗ್ಯಾಗ ಹಳೇ ಮಾತು ಐತಿ, ಅದನ್ನ ಬದಲಿ ಮಾಡ್ತೀವಿ.”

ಅವರ ಹಿಂದಿನ ಪರದೆಯಲ್ಲಿ ಗದಗ ಬೆಟಗೇರಿಯ ನಕ್ಷೆ ಇತ್ತು. ಹಳದಿ ಚುಕ್ಕೆಗಳು ಎಲ್ಲೆಲ್ಲೂ ಇದ್ದವು, ಯಾರೋ ಊರ ಮೇಲೆ ಅರಿಷಿಣದ ಬಟ್ಟಲು ಚೆಲ್ಲಿದ ಹಾಗೆ. ನಾನು ನೋಡುತ್ತಿದ್ದುದನ್ನು ಮೇಡಂ ಕಂಡರು.

“ಹಳದಿ ಅಂದ್ರ ಒಬ್ರು ಮನಿಗೆ ಬಂದ್ರ ಇನ್ನೊಬ್ರ ಎದಿ ಓಡತೈತಿ ಅಂತ,” ಎಂದು ಹೇಳಿ, ಬಾಟಲಿಯ ನೀರು ಕುಡಿದರು.

ಇಷ್ಟು ಗೊತ್ತಿತ್ತು ಅವರಿಗೆ. ಊರಿನ ಯಾವ ಯಾವ ಬಾಗಿಲ ಹಿಂದೆ ಯಾರು ಉಸಿರು ಹಿಡಿದು ನಿಂತಿದ್ದಾರೆಂದು ಸ್ವೆಟರ್ ಹಾಕಿಕೊಂಡು ನೋಡುತ್ತಿದ್ದರು, ಮತ್ತು ಅವರ ಚಿಂತೆ ಆ ಸ್ಥಿತಿಯನ್ನು ಯಾವ ಶಬ್ದದಿಂದ ಕರೆಯಬೇಕು ಎಂಬುದಾಗಿತ್ತು.

“ಈ ಪೆಟಿಗಿ ತಗದು ಬ್ಯಾರೇದು ಕೊಡ್ರಿ,” ಎಂದರು ಕಾಕಾ.

“ಅದಕ್ಕೂ ಪಾಲಕಿ ಒಪ್ಪಿಗಿ ಬೇಕ್ರಿ. ಸಮಾಧಾನದ ಒಪ್ಪಿಗಿ. ಮತ್ತ ಪಾಲಕಿ ಮನಿ ಬಿಟ್ಟು ಹ್ವಾದ್ರ ಲೈನ್ ಬಂದ್ ಆಗತೈತಿ, ಅದೂ ನೆನಪಿರಲಿ.”

“ನನ್ನ ಮಗಳಿಗೆ ಬರೂ ಫೋನರ ನಿಂದರಸ್ರಿ.”

“ಹೆತ್ತವರ ಕರೆಗೆ ತಡೆ ಇರಂಗಿಲ್ಲ. ಪಾಲಕರು ತಡದ್ರ ಮಾತ್ರ ನಿಲ್ಲತೈತಿ.”

ಕಾಕಾ ಮ್ಯಾನೇಜರನ್ನು ಹುಡುಕಿಕೊಂಡು ಹೋದರು. ಮೇಡಂ ನನ್ನ ಕಡೆ ವಾಲಿದರು.

“ನಿನಗ ಬಿಟ್ಟುಕೊಡೂ ಮನಸು ಐತೇನವಾ?”

ನನಗೆ ಹೊರಗಿನವರ ಮುಂದೆ ಮಾತು ಬರುವುದಿಲ್ಲ. ಅವರು ಸ್ವಲ್ಪ ಕಾದಿದ್ದರೆ ಬರುತ್ತಿತ್ತೇನೋ. ಅಷ್ಟರಲ್ಲಿ ಅವರ ಫೋನಿಗೆ ಊಟದ ಡಬ್ಬಿ ಬಂದಿದೆಯೆಂದು ಸುದ್ದಿ ಬಂತು, ಅವರು ಎದ್ದರು.

ಮರಳುವ ಬಸ್ಸಿನಲ್ಲಿ ನಾನು ಒಂದು ವಿಷಯವನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಾನು ಅಂಜುತ್ತಿರುವ ತನಕ ಪೆಟ್ಟಿಗೆ ಕಾಕಾನಿಗೆ ಹೋಗುವುದಿಲ್ಲ. ಕಾಕಾನಿಗೆ ಹೋಗದಿರುವ ತನಕ ತನುಜಾ ತನ್ನ ಅವ್ವನ ದನಿ ಕೇಳಬಹುದು. ನಾನು ಯಾರಿಗೂ ಎದುರು ಆಡಬೇಕಿಲ್ಲ, ಸುಮ್ಮನೆ ಅಂಜಿಕೊಂಡಿದ್ದರೆ ಸಾಕು. ಅದು ನನಗೆ ಚೆನ್ನಾಗಿ ಬರುವ ಕೆಲಸ.

ಈಗ ಕಾಕಾ ನನ್ನ ಅಂಜಿಕೆ ಬಿಡಿಸಲು ಹೊರಟರು. ಒಬ್ಬ ಮನುಷ್ಯ ಇನ್ನೊಬ್ಬರ ಅಂಜಿಕೆಯನ್ನು ಹೇಗೆ ತೆಗೆಯುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಿರಾಕಿಯನ್ನು ಹೇಗೆ ಒಲಿಸಬೇಕೆಂಬುದು. ಹಾಗಾಗಿ ನನಗೊಂದು ಸೀರೆ ಬಂತು. ಸೆರಗಿನ ಮೂಲೆಯಲ್ಲಿ ಎಣ್ಣೆಯ ಕಲೆಯಿದ್ದು ಮಾರಾಟವಾಗದೆ ಉಳಿದಿದ್ದ ಸೀರೆ. ಕಲೆ ಒಳಗೆ ಬರುವಂತೆ ಮಡಿಸಿ ಕೊಟ್ಟರು. ಆ ಸೀರೆಯನ್ನು ದಿನಾ ಬೆಳಗ್ಗೆ ನಾನೇ ಕಪಾಟಿನಿಂದ ತೆಗೆದು ಜೋಡಿಸುತ್ತಿದ್ದೆ ಎಂಬುದು ಅವರಿಗೆ ನೆನಪಿರಲಿಲ್ಲ.

“ತಂಗಿ ದಾನವ್ವಾ,” ಎಂದು ಕರೆಯತೊಡಗಿದರು. ಆ ದನಿ ಎಣ್ಣೆ ಹಚ್ಚಿದ ಬಾಗಿಲಿನಂತಿತ್ತು. “ಉಂಡಿ ಇಲ್ಲೋ? ಹೋಳಿಗಿ ಹಾಕ್ಕೋ ಇನ್ನೊಂದು. ಏ ಅವ್ವಾ, ಆಕೀಗೆ ತುಪ್ಪ ಹಾಕು.”

“ಹಾಕೀನಿ. ಇಷ್ಟು ವರ್ಷದ್ದೆಲ್ಲಾ ಒಂದ ದಿನಕ್ಕ ಹಾಕ್ಲೇನು?” ಎಂದಳು ಆಯಿ. ಆಯಿಗೂ ತುಪ್ಪ ನೆನಪಾದದ್ದು ಬಾತುಕೋಳಿ ಬಂದ ಮೇಲೆಯೇ.

ಚಪ್ಪಲಿಯ ಸದ್ದಿಗೆ ನನ್ನ ಎದೆ ಏರುತ್ತದೆಂದು ಕೇಳಿದ್ದರಲ್ಲ; ಓಣಿಯ ತಿರುವಿನಲ್ಲೇ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು ಬರತೊಡಗಿದರು. ಬೆಟಗೇರಿಯ ದೊಡ್ಡ ಸೀರೆ ವ್ಯಾಪಾರಿ ತನ್ನ ಮನೆಗೆ ತಾನೇ ಕಳ್ಳನಂತೆ ನುಗ್ಗುತ್ತಿದ್ದರು. ಬಂದು ನನ್ನ ಹಿಂದೆ ನಿಂತು ಥಟ್ಟನೆ “ತಂಗಿ!” ಎನ್ನುತ್ತಿದ್ದರು. ನಾನು ಸೌಟು ಬೀಳಿಸುತ್ತಿದ್ದೆ. ಪಡಸಾಲೆಯಿಂದ ಪೆಟ್ಟಿಗೆ, “ಪಾಲಕರ ಸಿದ್ಧತೆ ಕಡಿಮೆ ಇದೆ,” ಎನ್ನುತ್ತಿತ್ತು. ಕಂಪನಿಯವರು ಮಾತು ಬದಲಿಸಿಯೇಬಿಟ್ಟಿದ್ದರು. ಕಾಕಾ ಹಲ್ಲು ಕಚ್ಚಿ ಮುಗುಳ್ನಗುತ್ತಿದ್ದರು. ಆ ನಗೆಯನ್ನು ಅಂಗಡಿಯ ನಿಲುಗನ್ನಡಿಯ ಮುಂದೆ ಅಭ್ಯಾಸ ಮಾಡುವುದನ್ನು ನಾನು ನೋಡಿದ್ದೆ.

ಇದೆಲ್ಲ ಏನೂ ಮಾಡಲಿಲ್ಲ. ಮಾಡಿದ್ದು ಮೊಲ.

ಮಕ್ಕಳು ಒಳ್ಳೆಯ ಉತ್ತರ ಕೊಟ್ಟರೆ ಪೆಟ್ಟಿಗೆ ನಕ್ಷತ್ರ ಕೊಡುತ್ತದೆ. ನಕ್ಷತ್ರಗಳು ಕೂಡಿದರೆ ಸ್ವಲ್ಪ ಹೊತ್ತು ಆಟ ನೋಡಬಹುದು. ಇದನ್ನು ಕಾಕಾನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಅಂದು ದೊಡ್ಡ ಮ್ಯಾಚ್ ಇತ್ತು, ನಾನು ಚಾ ತೆಗೆದುಕೊಂಡು ಪಡಸಾಲೆಗೆ ಬಂದೆ. ಕಾಕಾ ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದರು. ಪರದೆಯಲ್ಲಿ ಒಂದು ಮೊಲ ಅಂಗಿ ಚಡ್ಡಿ ಹಾಕಿಕೊಂಡು ನಿಂತಿತ್ತು.

“ಪುಟ್ಟಾ, ಊಟಕ್ಕೆ ಮೊದಲು ಏನು ಮಾಡಬೇಕು?”

“ಕೈ ತೊಳ್ಕೋಬೇಕು,” ಎಂದರು ಕಾಕಾ.

“ಜಾಣ! ಬೇರೆಯವರು ಮಾತಾಡುವಾಗ ನಾವು ಏನು ಮಾಡಬೇಕು?”

ಕಾಕಾ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಹುಬ್ಬು ಕೂಡಿಸಿ, ಮೀಸೆಯ ತುದಿ ಕಚ್ಚಿ, ಮೊಲದ ಮುಖ ನೋಡುತ್ತ ಕುಳಿತರು.

“ಬಾಯಿ ಮುಚ್ಚಸ್ಬೇಕು,” ಎಂದರು ಕೊನೆಗೆ.

“ಅಯ್ಯೋ, ತಪ್ಪಾಯಿತು!” ಎಂದು ಮೊಲ ಕಿವಿ ಇಳಿಬಿಟ್ಟಿತು.

“ಇನ್ನೊಂದ್ ಸಲ ಕೇಳು,” ಎಂದು ಬೇಡಿಕೊಂಡರು ಕಾಕಾ. “ಇನ್ನೊಂದ್ ಸಲ ಕೇಳೋ, ಹೇಳತೀನಿ.”

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಈ ಮನುಷ್ಯನ ಚಪ್ಪಲಿಯ ಸದ್ದಿಗೆ ನಾನು ವರ್ಷಗಟ್ಟಲೆ ಬೆನ್ನು ಬಿಗಿಹಿಡಿದಿದ್ದೆ. ಇವನ ಕೆಮ್ಮಿಗೆ ಹಿತ್ತಿಲಿನ ದಾರಿ ಹಿಡಿದಿದ್ದೆ. ಶಾಲೆಯ ಚೀಲವನ್ನು ಇವನ ಒಂದು ಮಾತಿಗೆ ಅಟ್ಟದ ಮೇಲೆ ಇಟ್ಟಿದ್ದೆ. ಒಂದು ಮೊಲದ ಮುಂದೆ ನೆಲಕ್ಕೆ ಕುಂಡಿ ಊರಿ ಕುಳಿತ, ಸಣ್ಣದೊಂದು ಆಸೆಗೆ ಏನು ಬೇಕಾದರೂ ಹೇಳುವ, ಹೇಳಲೂ ಬಾರದ ಮನುಷ್ಯ. ಇಷ್ಟೇ ಇತ್ತು ಅಲ್ಲಿ. ಮೊದಲಿನಿಂದಲೂ ಇಷ್ಟೇ ಇತ್ತು. ಚಾ ಕೆಳಗಿಟ್ಟು ಬಂದೆ. ಬಶಿ ಅಲುಗಲಿಲ್ಲ.

ಅಂದು ಸಂಜೆ ಕಾಕಾ ಮ್ಯಾಚ್ ಸಿಗದ ಸಿಟ್ಟಿನಲ್ಲಿ, ತಿರುವಿನಲ್ಲಿ ಕಳಚುವುದನ್ನು ಮರೆತು, ಚಪ್ಪಲಿಯನ್ನು ಹೊಸ್ತಿಲ ಬಳಿಯೇ ಎಸೆದು ಒಳಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

“ಪಾಲಕರು ಶಾಂತರಾಗಿದ್ದಾರೆ,” ಎಂದಿತು ಪೆಟ್ಟಿಗೆ. “ಹಸ್ತಾಂತರ ಈಗ ಸಾಧ್ಯ.”

ಪಡಸಾಲೆಯಲ್ಲಿ ಕುರ್ಚಿ ಬಿದ್ದ ಸದ್ದಾಯಿತು. “ಅವ್ವಾ! ಕೇಳಿದೇನು? ಆತು! ಹೋಳಿಗಿ ಹತ್ತಿತು ನೋಡು!” ಕಾಕಾ ನಗುತ್ತಿದ್ದರು. “ದೀಪಾ ಹಚ್ಚು, ಕಾಯಿ ತಗಿ. ಏ ದಾನವ್ವಾ, ಕೈ ತೊಳಕೊಂಡು ಬಾ.”

ಆಗ ತನುಜಾ ಅಡುಗೆಮನೆಗೆ ಓಡಿ ಬಂದಳು. ನನ್ನ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಅಕ್ಕಾ, ಅಂಜು,” ಎಂದಳು. “ಒಂಚೂರು ಅಂಜಕ್ಕಾ. ನನ್ನ ಸಲುವಾಗಿ. ಇಲ್ಲಂದ್ರ ಅಪ್ಪ ಅವ್ವನ ಫೋನ್ ಬಂದ್ ಮಾಡ್ತಾನ.”

ನಾನು ಪ್ರಯತ್ನಪಟ್ಟೆ. ಕಣ್ಣು ಮುಚ್ಚಿ ಬೆನ್ನ ಮೇಲಿನ ಏಟುಗಳನ್ನು ನೆನೆದೆ. ಚಿಗವ್ವ ಚೀಲ ಹಿಡಿದು ಹೊರಟ ದಿನ ಕಾಕಾ ಬಾಗಿಲಿಗೆ ಒದ್ದ ಸದ್ದನ್ನು ನೆನೆದೆ. ಪ್ರತಿ ನೆನಪಿನ ಕೊನೆಗೂ ಕಾಕಾನ ಪಕ್ಕದಲ್ಲಿ ಚಡ್ಡಿ ಹಾಕಿದ ಮೊಲ ಬಂದು ನಿಲ್ಲುತ್ತಿತ್ತು. ಅಂಜಿಕೆ ಬರಲಿಲ್ಲ. ಇಷ್ಟು ದಿನ ನನ್ನ ಪರವಾಗಿ ಬೇಡವೆನ್ನುತ್ತಿದ್ದ ಅಂಜಿಕೆ, ಬೇಕಾದ ದಿನ ನನ್ನನ್ನು ಬಿಟ್ಟು ಹೋಗಿತ್ತು. ಇನ್ನು ಬೇಡವೆನ್ನಲು ನಾನೇ ಉಳಿದಿದ್ದೆ.

ಕೈ ತೊಳೆದುಕೊಂಡು ಪಡಸಾಲೆಗೆ ಹೋದೆ. ಪೆಟ್ಟಿಗೆಗೆ ಹೂವಿನ ಸರ ಬಿದ್ದಿತ್ತು. ಆಯಿ ದೀಪ ಹಿಡಿದಿದ್ದಳು. ಕಾಕಾ ಹೊಸ ಶಲ್ಯ ಹೊದ್ದು, ಮದುಮಗನಂತೆ ಗೋಡೆಯ ಪಕ್ಕ ನಿಂತಿದ್ದರು. ಇಷ್ಟು ಸೋತ ಮೇಲೂ ಅವರಿಗೆ ಇದೊಂದು ಪೂಜೆಯೇ.

ಗಾಜಿನ ಮೇಲೆ ಕೈ ಇಟ್ಟೆ.

“ಪಾಲಕರೇ, ಮನೆಯ ಹೊಣೆಯನ್ನು ಬಿಟ್ಟುಕೊಡಲು ನಿಮಗೆ ಒಪ್ಪಿಗೆಯೇ?”

“ಹ್ಞೂಂ ಅನ್ನವಾ,” ಎಂದರು ಕಾಕಾ ಮೆಲುದನಿಯಲ್ಲಿ, ತುಪ್ಪ ಸುರಿದಂತೆ. “ಹ್ಞೂಂ ಅಂದ್ರ ಆತು. ನಾಳೆ ಇನ್ನೊಂದು ಸೀರಿ ಕೊಡಸ್ತೀನಿ.”

“ಬ್ಯಾಡ,” ಎಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ.

“ದಯವಿಟ್ಟು ಸ್ವಲ್ಪ ಜೋರಾಗಿ ಹೇಳಿ.”

ಮನೆಯಲ್ಲಿ ನನಗೆ ಹೀಗೆಂದು ಹಿಂದೆ ಯಾರೂ ಹೇಳಿರಲಿಲ್ಲ. ಅದೊಂದು ಯಂತ್ರ, ಅದಕ್ಕೆ ನನ್ನ ಮೇಲೆ ಪ್ರೀತಿಯೇನಿಲ್ಲ. ಶಬ್ದ ಸಾಲಲಿಲ್ಲ, ಕೇಳಿತು, ಅಷ್ಟೆ. ಗಂಟಲು ಸರಿಮಾಡಿಕೊಂಡೆ.

“ಬ್ಯಾಡ. ನನಗ ಒಪ್ಪಿಗಿ ಇಲ್ಲ. ತನುಜಾ ತನ್ನ ಅವ್ವನ ಜೋಡಿ ಮಾತಾಡ್ಲಿ.”

ಕಾಕಾನ ಮುಖದಿಂದ ಮುಗುಳ್ನಗೆ ಉದುರಿತು. “ಏನಂದಿ? ಉಣ್ಣೂದು ನನ್ನ ಅನ್ನ, ಉಡೂದು ನನ್ನ ಸೀರಿ! ಬಾಯಿ ಬಂತೇನು ನಿನಗ?” ಅವರು ಒದರಿದ ರಭಸಕ್ಕೆ ದೀಪದ ಕುಡಿ ಬಾಗಿತು. ಕೈ ಮೇಲೆ ಎತ್ತಿದರು.

ನಾನು ಆ ಕೈಯನ್ನು ನೋಡಿದೆ. ಉಂಗುರಗಳಿದ್ದವು. ಸರಿದು ನಿಲ್ಲಲಿಲ್ಲ.

“ಪಾಲಕರು ಶಾಂತರಾಗಿದ್ದಾರೆ,” ಎಂದಿತು ಪೆಟ್ಟಿಗೆ.

ಎತ್ತಿದ ಕೈ ಅಲ್ಲೇ ನಿಂತಿತು. ಹೊಡೆಯಬಹುದಿತ್ತು. ಹೊಡೆದರೆ ಪೆಟ್ಟಿಗೆ ಮತ್ತೆ ಏನೆನ್ನುತ್ತದೋ ಎಂದು ಅವರಿಗೆ ಅನುಮಾನ ಬಂದಿರಬೇಕು. ಅಂಜದವರನ್ನು ಹೊಡೆಯುವುದು ಅವರಿಗೆ ರೂಢಿಯಿರಲಿಲ್ಲ.

“ನಡಿ! ಮನಿ ಬಿಟ್ಟು ನಡಿ ಈಗಿಂದೀಗ!”

“ಆಕಿ ನಡದ್ರ ಲೈನೂ ನಡೀತೈತಿ,” ಎಂದಳು ಆಯಿ, ದೀಪವನ್ನು ಕೆಳಗಿಡುತ್ತ. “ಮುಂಜಾನೆ ಅಂಗಡಿ ಬೀಗ ಯಾರ್ ತಗೀಬೇಕು, ನೀ ತಗೀತೀಯೇನು? ಜ್ವರಾ ಬರೂ ಮೊದಲ ನೀ ತಗೀತಿದ್ದಾಗ ನೊಣಾ ಹೊಡೀತಿದ್ದಿ.”

ಆಯಿ ನನ್ನ ಪರ ನಿಂತಳೆಂದು ನಾನು ತಿಳಿಯಲಿಲ್ಲ. ಅವಳು ಬೀಗದ ಪರ ನಿಂತಿದ್ದಳು.

ಒಳಗೆ ಫೋನು ರಿಂಗಾಯಿತು. ತನುಜಾ ಹಾರಿಹೋದಳು. “ಅವ್ವಾ, ಏನಾತು ಗೊತ್ತೈತೇನು?” ಎಂಬ ಅವಳ ದನಿ, ಆಮೇಲೆ ಇಬ್ಬರ ನಗೆ, ಬಾಗಿಲ ಸಂದಿಯಿಂದ ಬಂತು.

ಕಾಕಾ ಶಲ್ಯ ತೆಗೆದರು. ಅದನ್ನು ಮಡಿಸಲು ನೋಡಿದರು, ಬರಲಿಲ್ಲ, ಕುರ್ಚಿಯ ಮೇಲೆ ಹಾಕಿ ಅದರ ಮೇಲೆಯೇ ಕುಳಿತರು. ಆಯಿ ಹೂವಿನ ಸರವನ್ನು ಪೆಟ್ಟಿಗೆಯಿಂದ ಬಿಡಿಸಿ ತನ್ನ ದೇವರಿಗೆ ಒಯ್ದಳು. ನಾನು ಮೂಲೆಯಲ್ಲಿ ಮೊರ ಹಾಕಿಕೊಂಡು ಶೇಂಗಾ ಸುಲಿಯತೊಡಗಿದೆ. ಪಕ್ಕದ ಮನೆಯಿಂದ ಮ್ಯಾಚಿನ ಗದ್ದಲ ಕೇಳುತ್ತಿತ್ತು; ಯಾರೋ ಔಟಾದರು, ಯಾರೋ ಚಪ್ಪಾಳೆ ತಟ್ಟಿದರು. ಕಾಕಾ ಕರಿ ಪರದೆಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ದಾನವ್ವಾ,” ಎಂದರು. “ಒಂಚೂರು ಮ್ಯಾಚ್ ಹಚ್ಚವಾ.”

ಒಳಗೆ ನಗೆ ಮುಂದುವರಿಯಿತು. ನಾನು ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಿದ್ದೆ.

“ದಾನವ್ವಾ, ಮ್ಯಾಚ್ ಹಚ್ಚವಾ.”